ಚಂದ್ರ ಕಂಡರೆ ಆಂಟಿಗೆ ರಜೆ

ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ. ಆದರೆ ನಗಿಸುವವರು ಮಕ್ಕಳು ಅಂತ ನೀವು ತಿಳಿದಿದ್ದರೆ ತಪ್ಪು. ಮಕ್ಕಳು ಸರಿಯಾಗೇ ಇರುತ್ತವೆ. ಎಡವಟ್ಟು ಮಾಡುವವರು ದೊಡ್ಡವರು, ಅದರಲ್ಲೂ ಕಾನೂನನ್ನು ಅಕ್ಷರಶಃ ಪಾಲಿಸಲು ಹೊರಟ ದೊಡ್ಡವರು.

ನಾನು ರಾಣೆಬೆನ್ನೂರಿನವಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಈಗ ಮಕ್ಕಳ ಜೊತೆ ನನ್ನದೇ ಒಂದು ಇಂಗ್ಲಿಷ್. ನಮ್ಮ ಮನೆ ಶಿಕಾಗೋ ಪಕ್ಕದ ಪ್ಲೇನ್‌ಫೀಲ್ಡ್‌ನಲ್ಲಿ. ನಮ್ಮ ಮನೆಯವರು ಎಲ್ಕ್ ಗ್ರೋವ್ ವಿಲೇಜಿನ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ನಾನು ನೇಪರ್‌ವಿಲ್‌ನಲ್ಲಿ ಮೈಸೂರು ಕಡೆಯವರ ಒಂದು ಮನೆಯಲ್ಲಿ ಎರಡು ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತೇನೆ. ದೊಡ್ಡದಕ್ಕೆ ಈಗ ಐದು ವರ್ಷ, ಚಿಕ್ಕದಕ್ಕೆ ಒಂದೂವರೆ. ಆ ಮನೆಯ ಯಜಮಾನ, ಯಜಮಾನತಿ ಇಬ್ಬರೂ ವಯಸ್ಸಿನಲ್ಲಿ ನನ್ನ ಮಕ್ಕಳಂಥವರು. ಹಾಗಾಗಿ ಏಕವಚನದಲ್ಲೇ ಹೇಳುತ್ತೇನೆ, ಬೇಸರ ಬೇಡ.

ಈ ಎಲ್ಲದರ ನಡುವೆ ನನಗೆ ಬೇಕಾಗಿದ್ದದ್ದು ಒಂದೇ. ನಮ್ಮಮ್ಮ ಈ ವರ್ಷ ಊರಿನಿಂದ ಬಂದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ನನ್ನ ತಂಗಿಯ ಮನೆಯಲ್ಲಿ ಇದ್ದಳು. ನಾನು ಅಮ್ಮನ ಜೊತೆ ರಂಜಾನ್ ಹಬ್ಬ ಮಾಡಿ ಹನ್ನೊಂದು ವರ್ಷ ಆಗಿತ್ತು. ಹಬ್ಬದ ವಾರದ ಭಾನುವಾರವೇ ಅವಳ ವಾಪಸು ಟಿಕೆಟ್ಟು. ಎಪ್ಪತ್ತೆಂಟರ ಹೆಂಗಸು ಇಷ್ಟು ದೂರ ಮತ್ತೊಮ್ಮೆ ಬರುವುದು ಸುಳ್ಳು. ಆ ಒಂದು ಬೆಳಿಗ್ಗೆ ನನಗೆ ರಜೆ ಬೇಕಿತ್ತು. ಯಾರ ಹತ್ತಿರ ಕೇಳಬೇಕಿತ್ತು ಅನ್ನುವುದನ್ನು ಮೊದಲು ಹೇಳುತ್ತೇನೆ.

ಮನೆಯವರ ಥರ

ಕೆಲಸ ಕೇಳಿಕೊಂಡು ಮೊದಲ ಸಲ ಆ ಮನೆಗೆ ಹೋದಾಗ ಗಂಡ ಹೆಂಡತಿ ಇಬ್ಬರೂ ಎದ್ದು ನಿಂತರು. ನನ್ನನ್ನು ಸೋಫಾದ ನಡುವೆ ಕೂರಿಸಿ ತಾವು ಅಂಚಿನಲ್ಲಿ ಕೂತರು. ಕಾಫಿ ಬಂತು, ಕೋಡುಬಳೆ ಬಂತು. ಇಂಟರ್‌ವ್ಯೂ ಯಾರದು ಅನ್ನುವುದೇ ನನಗೆ ಅನುಮಾನವಾಯಿತು. ಅನುಭವ ಎಷ್ಟು, ಕಾರು ಓಡಿಸಲು ಬರುತ್ತದೆಯೇ, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ, ಇದ್ಯಾವುದನ್ನೂ ಕೇಳಲಿಲ್ಲ. ಯಜಮಾನನ ಜೊತೆ ಓದಿದವನೊಬ್ಬನ ಭಾವ ಹಾವೇರಿಯಲ್ಲಿದ್ದಾನಂತೆ, ಅವನು ನನಗೆ ಗೊತ್ತೇ ಅಂತ ಕೇಳಿದರು. ಗೊತ್ತಿಲ್ಲ ಅಂದದ್ದಕ್ಕೆ ಇನ್ನೆರಡು ಕೋಡುಬಳೆ ಹಾಕಿದರು.

ಮಾತಿನ ನಡುವೆ ನಾನು "ಮೇಡಂ" ಅಂದೆ. ಯಜಮಾನತಿ ಕೈ ಮುಗಿದುಬಿಟ್ಟಳು.

"ಅಯ್ಯೋ, ಮೇಡಂ ಅನ್ಬೇಡಿ ಆಂಟಿ. ನಾನು ನಿಮ್ಮ ಮಗಳ ಥರ."

ಸಂತೋಷವೇ. ಆದರೆ ಒಂದು ತೊಡಕಿತ್ತು. ಮೇಡಂ ಹತ್ತಿರ ರಜೆ ಕೇಳಬಹುದು, ಮಗಳ ಹತ್ತಿರ ಯಾವ ತಾಯಿ ರಜೆ ಕೇಳಿದ್ದಾಳೆ? ಅದಕ್ಕೇ ಚೀಲದಿಂದ ಲೈಬ್ರರಿಯಲ್ಲಿ ಸಿಕ್ಕಿದ್ದ ಕರಪತ್ರ ತೆಗೆದೆ. ಮನೆಗೆಲಸ ಮಾಡುವವರಿಗೂ ಊಟದ ವಿರಾಮ, ವಾರಕ್ಕೊಂದು ದಿನ ಬಿಡುವು, ಸಂಬಳದ ರಜೆ ಎಲ್ಲ ಉಂಟು, ಮಾತಾಡಿಕೊಂಡದ್ದನ್ನು ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಒಳ್ಳೆಯದು ಅಂತ ಅದರಲ್ಲಿತ್ತು.

"ಒಂದು ಅಗ್ರಿಮೆಂಟ್ ಬರಕೊಳ್ಳೋಣ," ಅಂದೆ.

ಇಬ್ಬರ ಮುಖವೂ ಸಪ್ಪಗಾಯಿತು. "ಅಗ್ರಿಮೆಂಟ್ ಯಾಕೆ ಆಂಟಿ? ನೀವು ಮನೆಯವರ ಥರ," ಅಂದ ಯಜಮಾನ.

"ನೋಡಪ್ಪಾ, ನಮ್ಮೂರ ಕೋರ್ಟಿನ ಮುಂದ ಹೋಗಿ ನಿಂತು ನೋಡು. ಕೂತೋರೆಲ್ಲಾ ಅಣ್ಣ ತಮ್ಮ, ಮಾವ ಅಳಿಯ. ಹೊರಗಿನವರು ಒಬ್ಬರೂ ಇಲ್ಲ. ಕಾಗದ ಬೇಕಾಗೋದು ಮನೆಯವರಿಗೇ."

ಯಜಮಾನನಿಗೂ ಅವನ ಚಿಕ್ಕಪ್ಪನಿಗೂ ಮೈಸೂರಿನಲ್ಲಿ ಸೈಟಿನ ಕೇಸು ನಡೆಯುತ್ತಿದೆ ಅಂತ ನನಗೇನು ಗೊತ್ತು? ಅವನು ಎದ್ದು ಹೋಗಿ ಲ್ಯಾಪ್‌ಟಾಪ್ ತಂದ.

ಹದಿನಾಲ್ಕು ಪುಟ

ಯಜಮಾನ ಸಾಫ್ಟ್‌ವೇರಿನವನು, ಮನೆಯಿಂದಲೇ ಕೆಲಸ. ಬೇಡ ಅನ್ನುವಷ್ಟು ಹೊತ್ತು ಬೇಡ, ಹಿಡಿದರೆ ಬಿಡುವವನಲ್ಲ. ಮೂರು ದಿನ ಕೂತು ಹದಿನಾಲ್ಕು ಪುಟದ ಒಪ್ಪಂದ ಬರೆದ. ಮೇಲೆ "ವರ್ಶನ್ ಒನ್ ಪಾಯಿಂಟ್ ತ್ರೀ" ಅಂತ ಇತ್ತು. ಮೊದಲಿನ ಮೂರು ಎಲ್ಲಿ ಹೋದವೋ ನಾನು ಕೇಳಲಿಲ್ಲ. ಸೋಮವಾರದಿಂದ ಶುಕ್ರವಾರ ಕೆಲಸ, ಶನಿವಾರ ಅಪರೂಪಕ್ಕೆ ಅರ್ಧ ದಿನ, ಭಾನುವಾರ ಪೂರ್ತಿ ಬಿಡುವು. ಮಕ್ಕಳ ಊಟ, ಬಟ್ಟೆ, ನಿದ್ದೆ ನನ್ನ ಕೆಲಸ. ದೊಡ್ಡವರ ಅಡುಗೆ, ದೊಡ್ಡವರ ಪಾತ್ರೆ ನನ್ನ ಕೆಲಸವಲ್ಲ. ಈ ಕೊನೆಯದನ್ನು ದಪ್ಪ ಅಕ್ಷರದಲ್ಲಿ ಅವನೇ ಹಾಕಿದ್ದ.

"ಯಾರೂ ನಿಮ್ಮ ಕೈಲಿ ಎಕ್ಸ್‌ಟ್ರಾ ಕೆಲಸ ಮಾಡಿಸ್ಬಾರ್ದು ಆಂಟಿ. ಬೇಕು ಅಂದ್ರೆ ಚೇಂಜ್ ರಿಕ್ವೆಸ್ಟ್ ಹಾಕ್ಬೇಕು. ಹದಿಮೂರನೇ ಪುಟದಲ್ಲಿ ಫಾರ್ಮ್ ಇದೆ."

ಎರಡನೇ ವಾರ ಒಂದು ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ನೀರು ಕುಡಿಯಲು ಬಂದ ಯಜಮಾನ ಫ್ರಿಜ್ ಬಾಗಿಲು ತೆರೆದುಕೊಂಡೇ ನಿಂತ. ಅರ್ಧ ರೊಟ್ಟಿ ಕೊಟ್ಟೆ. ಮರುದಿನವೂ ಅದೇ ಹೊತ್ತಿಗೆ ಅವನಿಗೆ ನೀರಡಿಕೆ. ಮೂರನೇ ದಿನ ಬಾಯಿಬಿಟ್ಟ.

"ಆಂಟಿ, ನಮ್ಗೂ ಒಂದ್ ನಾಲ್ಕು ರೊಟ್ಟಿ ತಟ್ಟಿ ಕೊಡೋಕಾಗುತ್ತಾ?"

"ತಟ್ಟಬಹುದಪ್ಪಾ. ಫಾರ್ಮ್ ಎಲ್ಲಿ?"

ನಾನು ತಮಾಷೆಗೆ ಅಂದದ್ದು. ಅವನು ನಿಜವಾಗಿಯೂ ತುಂಬಿ ತಂದ. ಕೋರಿಕೆ: ರೊಟ್ಟಿ. ಸಂಖ್ಯೆ: ನಾಲ್ಕು. ಎಷ್ಟು ಅವಸರ: ಬಹಳ. ಒಪ್ಪಿಗೆ ಕೊಡುವ ಜಾಗದಲ್ಲಿ ಯಜಮಾನತಿ ಸಹಿ ಹಾಕಬೇಕಿತ್ತು. ಸಂಜೆ ಅವಳು ಆಫೀಸಿನಿಂದ ಬಂದು ಅದನ್ನು ಓದಿ, ಅಡ್ಡಲಾಗಿ "ರಿಜೆಕ್ಟೆಡ್" ಅಂತ ಬರೆದಳು. ಯಜಮಾನನ ಮುಖ ನೋಡಲಾಗಲಿಲ್ಲ. ಕೆಳಗೆ ಕಾರಣವನ್ನೂ ಬರೆದಿದ್ದಳು: "ನಾಲ್ಕು ಯಾತಕ್ಕೆ ಸಾಲುತ್ತೆ? ನನ್ನದೂ ಸೇರಿಸಿ ಮತ್ತೆ ಹಾಕಿ."

ಊಟವಿಲ್ಲದ ಊಟದ ವಿರಾಮ

ಊಟದ ವಿರಾಮ ಕೊಡಬೇಕು ಅಂತ ಕಾನೂನಿದೆ. ಆ ಮನೆಯಲ್ಲಿ ಅದು ಸಂಧ್ಯಾವಂದನೆಯಷ್ಟು ಶಿಸ್ತಾಗಿ ನಡೆಯುತ್ತದೆ. ಹನ್ನೆರಡೂವರೆಗೆ ಯಜಮಾನನ ಫೋನು ಕಿಣಿಗುಟ್ಟುತ್ತದೆ, ಅವನು ಮಹಡಿಯಿಂದ ಇಳಿದು ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ, ನಾನು ಅರ್ಧ ಗಂಟೆ ಕೂರಬೇಕು.

ಹೋದ ವರ್ಷ ರಂಜಾನ್ ಉಪವಾಸ ಶುರುವಾದಾಗ ಹೇಳಿದೆ: "ಒಂದು ತಿಂಗಳು ನನಗ ಮಧ್ಯಾಹ್ನ ಊಟ ಇಲ್ಲಪ್ಪಾ. ಬ್ರೇಕ್ ಬ್ಯಾಡ."

"ಊಟ ನಿಮ್ಮಿಷ್ಟ ಆಂಟಿ. ಬ್ರೇಕ್ ನಿಮ್ಮ ಹಕ್ಕು. ನಾನು ಕಿತ್ಕೊಳ್ಳೋ ಹಾಗಿಲ್ಲ."

ಹೀಗಾಗಿ ದಿನವೂ ಅರ್ಧ ಗಂಟೆ ಖಾಲಿ ಮೇಜಿನ ಮುಂದೆ ಹಕ್ಕು ಚಲಾಯಿಸುತ್ತ ಕೂರತೊಡಗಿದೆ. ಆಗ ಮಕ್ಕಳ ಅಜ್ಜಿ, ಅಂದರೆ ಯಜಮಾನನ ತಾಯಿ, ಮೈಸೂರಿನಿಂದ ಬಂದಿದ್ದರು. ಮೊದಲ ದಿನ ಬಿಸಿಬೇಳೆ ಬಾತಿನ ತಟ್ಟೆ ಹಿಡಿದುಕೊಂಡು ಬಂದು ಎದುರಿಗೆ ಕೂತರು.

"ನಿಮ್ದೆಲ್ಲಿ?"

"ಉಪವಾಸ ರೀ."

"ಹಾಗಾದ್ರೆ ಹಣ್ಣು ತಗೊಳ್ಳಿ."

"ಇಲ್ರೀ."

"ಹಾಲು?"

"ಇಲ್ರೀ. ನೀರೂ ಇಲ್ಲ."

ಅಜ್ಜಿಯ ತುತ್ತು ಕೈಯಲ್ಲೇ ನಿಂತಿತು. "ಅದೆಂಥ ಉಪವಾಸನಮ್ಮಾ! ನಮ್ಮನೇಲಿ ಏಕಾದಶಿ ಅಂದ್ರೆ ಅಡುಗೆಮನೆಗೆ ಡಬಲ್ ಕೆಲಸ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಉಪ್ಪಿಟ್ಟು, ಸಂಜೆಗೆ ಸಬ್ಬಕ್ಕಿ ಪಾಯಸ, ಜೊತೆಗೆ ಬಾಳೆಹಣ್ಣಿನ ರಸಾಯನ..."

ಅವರು ಒಂದೊಂದೇ ಹೇಳುತ್ತ ಹೋದಂತೆ ನನ್ನ ಹೊಟ್ಟೆ ಗುರುಗುಟ್ಟಿತು. ಅವರಿಗೂ ಕೇಳಿಸಿತು. ಪಾಪ, ಕಣ್ಣಲ್ಲಿ ನೀರು ತಂದುಕೊಂಡರು.

ಮರುದಿನದಿಂದ ಹನ್ನೆರಡೂವರೆಯಾದರೆ ಅಜ್ಜಿ ಮನೆಯಲ್ಲಿ ಕಾಣುತ್ತಿರಲಿಲ್ಲ. ವಾಕಿಂಗ್ ಹೋಗುತ್ತಾರೆ ಅಂದುಕೊಂಡೆವು. ನಾಲ್ಕನೇ ದಿನ ಯಜಮಾನತಿ ಆಫೀಸಿನಿಂದ ಬೇಗ ಬಂದು ಗ್ಯಾರೇಜಿನ ಬಾಗಿಲು ಎತ್ತಿಸಿದರೆ, ಒಳಗೆ ನಿಂತಿದ್ದ ಇನ್ನೊಂದು ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ. ಸ್ವೆಟರ್ ಮೇಲೆ ಕೋಟು, ತಲೆಗೆ ಮಫ್ಲರ್, ತೊಡೆಯ ಮೇಲೆ ಮೊಸರನ್ನದ ತಟ್ಟೆ.

"ಅತ್ತೆ! ಹೊರಗೆ ಮೈನಸ್ ಎರಡು ಡಿಗ್ರಿ ಇದೆ! ಇಲ್ಲಿ ಯಾಕೆ ಕೂತಿದ್ದೀರಾ?"

"ಏನ್ಮಾಡ್ಲಮ್ಮಾ? ಅವರೆದುರು ತಿಂದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ. ಅವರು ಎದ್ದು ಆ ಕಡೆ ಹೋಗ್ಲಿ ಅಂದ್ರೆ ನಿನ್ನ ಗಂಡನ ಕಾನೂನು ಬಿಡಲ್ಲ."

ಅಡುಗೆಮನೆಯ ಕ್ಯಾಮೆರಾ

ಅದೇ ರಂಜಾನ್ ಮುಗಿಯುವ ಮೊದಲೇ ಅಜ್ಜಿ ಮೈಸೂರಿಗೆ ಮರಳಿದರು. ಮೊಮ್ಮಕ್ಕಳನ್ನು ನೋಡದೆ ಇರಲಾರೆ ಅಂದದ್ದಕ್ಕೆ ಯಜಮಾನ ಹಾಲಿಗೊಂದು, ಅಡುಗೆಮನೆಗೊಂದು ಕ್ಯಾಮೆರಾ ಹಾಕಿ ತಾಯಿಯ ಫೋನಿಗೆ ಜೋಡಿಸಿಕೊಟ್ಟ. ಅದರಲ್ಲಿ ಮಾತೂ ಆಡಬಹುದು. ಕೆಲಸದವರಿಗೆ ತಿಳಿಸದೆ ಕ್ಯಾಮೆರಾ ಇಡಬಾರದು ಅಂತ ಒಪ್ಪಂದದಲ್ಲಿ ಅವನೇ ಬರೆದಿದ್ದನಲ್ಲ, ಎರಡರ ಕೆಳಗೂ ಚೀಟಿ ಅಂಟಿಸಿದ: "ಆಂಟಿ, ಇಲ್ಲಿ ಕ್ಯಾಮೆರಾ ಇದೆ. ಅಮ್ಮ ನೋಡ್ತಿರ್ತಾರೆ." ಎರಡೆರಡು ಸಲ ಕರೆದು ನನಗೆ ತೋರಿಸಿದ.

ನಾನು ಮರೆಯಲಿಲ್ಲ. ಮರೆತವನು ಅವನೇ. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಇಳಿದು ಬಂದು, ಹಿಂದೆ ಮುಂದೆ ನೋಡಿ, ಎರಡು ಮೊಟ್ಟೆ ಒಡೆದು ಬಾಣಲೆಗೆ ಹಾಕಿದ. ಗೋಡೆಯ ಮೇಲಿಂದ ದನಿ ಬಂತು.

"ಏನೋ ಅದು?"

ಯಜಮಾನ ಬೆಚ್ಚಿ ಬಿದ್ದು ನನ್ನತ್ತ ಬೆರಳು ಮಾಡಿದ. "ಆಂಟಿಗೆ ಅಮ್ಮಾ! ಆಂಟಿಗೆ ಮಾಡ್ತಿದೀನಿ!"

ಮೈಸೂರಿನಿಂದ ತಕ್ಷಣ ಉತ್ತರ ಬಂತು: "ಆಂಟಿ ಉಪವಾಸ ಕಣೋ, ಕಳ್ಳ!"

ಭಾನುವಾರ

ದೊಡ್ಡ ಮಗುವಿನ ಹುಟ್ಟುಹಬ್ಬ ಒಂದು ಭಾನುವಾರ ಬಂತು. "ನೀವು ಗೆಸ್ಟ್ ಆಂಟಿ. ಸುಮ್ನೆ ಬಂದು ಕೂತ್ಕೊಳ್ಳಿ, ಏನೂ ಮಾಡೋ ಹಾಗಿಲ್ಲ," ಅಂತ ಯಜಮಾನತಿ ಕರೆದಳು. ರೇಷ್ಮೆ ಸೀರೆ ಉಟ್ಟು ಹೋದೆ. ಹತ್ತು ನಿಮಿಷದಲ್ಲಿ ಬೇಸ್‌ಮೆಂಟಿನಲ್ಲಿ ಹದಿಮೂರು ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದೆ. ಯಾರೂ ಕಳಿಸಿರಲಿಲ್ಲ, ಮಕ್ಕಳೇ ಸೆರಗು ಹಿಡಿದು ಎಳೆದುಕೊಂಡು ಹೋಗಿದ್ದವು. ಯಜಮಾನ ಮೆಟ್ಟಿಲು ಎರಡೆರಡಾಗಿ ಇಳಿದು ಬಂದ.

"ಆಂಟಿ, ದಯವಿಟ್ಟು ಎದ್ದು ಬನ್ನಿ. ಇವತ್ತು ನಿಮ್ಮ ರೆಸ್ಟ್ ಡೇ!"

ಎದ್ದೆ. ಹದಿಮೂರೂ ಎದ್ದವು. ಮೇಲೆ ಬಂದೆ. ಸಾಲಾಗಿ ಬಂದವು. ಊಟಕ್ಕೆ ಕೂತೆ, ಸುತ್ತ ಕೂತವು.

ಅವತ್ತು ಅವನು ಒಂದು ನಿರ್ಧಾರ ಮಾಡಿದ ಅಂತ ಕಾಣುತ್ತದೆ: ಭಾನುವಾರ ಮಕ್ಕಳು ನನ್ನ ಕಣ್ಣಿಗೇ ಬೀಳಬಾರದು. ಮುಂದಿನ ವಾರ ನಾನು, ನಮ್ಮ ಮನೆಯವರು ಇಂಡಿಯನ್ ಅಂಗಡಿಯಲ್ಲಿ ಹುಣಸೆಹಣ್ಣು ನೋಡುತ್ತಿದ್ದೆವು. ಸಾಲಿನ ಆ ತುದಿಯಲ್ಲಿ ಯಜಮಾನ, ಮಗು, ತಳ್ಳುಗಾಡಿ ಕಂಡರು. ಅವನೂ ನನ್ನನ್ನು ಕಂಡ. ಕಂಡವನೇ ಗಾಡಿ ತಿರುಗಿಸಿ ಅಕ್ಕಿ ಮೂಟೆಗಳ ಹಿಂದೆ ಓಡಿದ. ಮಗು "ಆಂಟೀ!" ಅಂತ ಕಿರುಚಿದ್ದು ಇಡೀ ಅಂಗಡಿಗೆ ಕೇಳಿಸಿತು. ಸಾಲ ಕೊಟ್ಟವರನ್ನು ಕಂಡ ಹಾಗೆ ಯಾಕೆ ಓಡುತ್ತಾನೆ ಈ ಹುಡುಗ ಅಂತ ನಮ್ಮ ಮನೆಯವರು ಕೇಳಿದರು.

ಕಾರಿಗೆ ಬರುವಷ್ಟರಲ್ಲಿ ಮೆಸೇಜು ಬಂದಿತ್ತು. "ಸಾರಿ ಆಂಟಿ, ನಿಮ್ಮ ರೆಸ್ಟ್ ಡೇ ಡಿಸ್ಟರ್ಬ್ ಮಾಡಿದ್ವಿ." ಎರಡು ನಿಮಿಷಕ್ಕೆ ಇನ್ನೊಂದು: "ರೆಸ್ಟ್ ಡೇ ದಿನ ಮೆಸೇಜ್ ಮಾಡಿದ್ದಕ್ಕೂ ಸಾರಿ." ಪರವಾಗಿಲ್ಲಪ್ಪಾ ಅಂತ ನಾನು ಒತ್ತುತ್ತಿರುವಾಗಲೇ ಮೂರನೆಯದು ಬಂತು: "ರಿಪ್ಲೈ ಮಾಡ್ಬೇಡಿ ಆಂಟಿ. ರಿಪ್ಲೈ ಮಾಡೋದೂ ಕೆಲಸಾನೇ."

ತಂಗಿಯ ಕಾಯಿಲೆ ರಜೆ

ನನ್ನ ತಂಗಿಯೂ ಕ್ಯಾಂಟನ್‌ನಲ್ಲಿ ಇದೇ ಕೆಲಸ ಮಾಡುತ್ತಾಳೆ. ಅವಳು ಕೆಲಸ ಮಾಡುವ ಮನೆಯವರು ಬೆಂಗಳೂರಿನವರು, ಬಂಗಾರದಂಥ ಜನ. ಕಾಯಿಲೆಯಾದರೆ ಸಂಬಳ ಹಿಡಿಯದೆ ರಜೆ ಕೊಡಬೇಕು ಅಂತ ಅವರ ಮಿಶಿಗನ್ ರಾಜ್ಯದಲ್ಲೂ ಕಾನೂನಿದೆ. ತಂಗಿಗೆ ಜ್ವರ ಬಂದಾಗ ಫೋನ್ ಮಾಡಿ ಹೇಳಿದಳು. "ಖಂಡಿತ ರೆಸ್ಟ್ ಮಾಡಿ ಆಂಟಿ, ಏನೂ ಯೋಚ್ನೆ ಬೇಡ," ಅಂದರು.

ಹನ್ನೊಂದು ಗಂಟೆಗೆ ಬಾಗಿಲ ಗಂಟೆ ಸದ್ದಾಯಿತು. ಗಂಡ, ಹೆಂಡತಿ, ಎರಡು ಮಕ್ಕಳು, ಫ್ಲಾಸ್ಕಿನಲ್ಲಿ ಮೆಣಸಿನ ಸಾರು. ಆಂಟಿಗೆ ಹುಷಾರಿಲ್ಲ ಅಂದಮೇಲೆ ಬಂದು ನೋಡದೆ ಇರುವುದಕ್ಕಾಗುತ್ತದೆಯೇ? ನಮ್ಮ ಜನಕ್ಕೆ ಗೊತ್ತಿರುವ ಮರ್ಯಾದೆ ಅದೇ. ಬಂದವರಿಗೆ ತಂಗಿ ಚಹಾ ಮಾಡಿದಳು, ಚಹಾದ ಜೊತೆ ಬರೀ ಬಿಸ್ಕತ್ತು ಕೊಡುವುದು ಹೇಗೆ ಅಂತ ಮಂಡಕ್ಕಿ ಒಗ್ಗರಣೆ ಹಾಕಿದಳು. ಅಷ್ಟರಲ್ಲಿ ಚಿಕ್ಕ ಮಗುವಿಗೆ ಡೈಪರ್ ಬದಲಾಯಿಸಬೇಕಾಯಿತು, ಅದು ಬೇರೆ ಯಾರ ಕೈಗೂ ಹೋಗಲಿಲ್ಲ. ದೊಡ್ಡದಕ್ಕೆ ಮಧ್ಯಾಹ್ನದ ನಿದ್ದೆಯ ಹೊತ್ತಾಯಿತು. ತಟ್ಟಿ ಮಲಗಿಸಿದಳು. "ಎದ್ದ ಮೇಲೆ ಹೋಗ್ತೀವಿ" ಅಂತ ಅವರೂ ಸೋಫಾದಲ್ಲಿ ಒರಗಿದರು. ಸಂಜೆ ನಾಲ್ಕಕ್ಕೆ ಹೊರಟರು, "ನಾಳೆನೂ ರೆಸ್ಟ್ ಮಾಡಿ ಆಂಟಿ, ನಾವು ಬಂದು ನೋಡ್ತೀವಿ" ಅಂತ ಹೇಳಿ.

ಮರುದಿನ ನಸುಕಿನಲ್ಲೇ ತಂಗಿ ನನಗೆ ಫೋನ್ ಮಾಡಿದಳು. "ಅಕ್ಕಾ, ನೂರಾ ಒಂದು ಜ್ವರ ಐತಿ. ನಾನು ಕೆಲಸಕ್ಕ ಹೊಂಟೆ. ಅಲ್ಲಿ ಹೋದರ ಒಂದೀಟು ಮಲಗಲಿಕ್ಕರ ಸಿಗತೈತಿ."

ಚಂದ್ರ

ಈಗ ನನ್ನ ರಜೆಯ ಮಾತು. ಒಪ್ಪಂದದ ಪ್ರಕಾರ ಮುಂಚೆಯೇ ಗೊತ್ತಿರುವ ರಜೆಯಾದರೆ ಏಳು ದಿನ ಮೊದಲು ತಾರೀಕು ಹೇಳಬೇಕು. ಮುಂಚೆ ಗೊತ್ತಾಗದಂಥದ್ದಾದರೆ, ಗೊತ್ತಾದ ಕೂಡಲೇ ಹೇಳಬೇಕು. ಕಾರಣವನ್ನು ಅವರು ಕೇಳುವ ಹಾಗಿಲ್ಲ.

ಹಬ್ಬಕ್ಕೆ ಎರಡು ವಾರ ಇರುವಾಗ ಯಜಮಾನನ ಮುಂದೆ ನಿಂತೆ. "ನನಗ ಒಂದು ದಿನ ರಜೆ ಬೇಕಪ್ಪಾ. ಕ್ಯಾಂಟನ್‌ಗೆ ನಮ್ಮಮ್ಮ..."

ಅವನು ಎರಡೂ ಕಿವಿ ಮುಚ್ಚಿಕೊಂಡ. "ಕಾರಣ ಹೇಳ್ಬೇಡಿ ಆಂಟಿ! ನಾನು ಕೇಳ್ಬಾರ್ದು!"

"ನೀ ಕೇಳಬ್ಯಾಡ, ನಾನೇ ಹೇಳತೀನಿ..."

"ಹೇಳ್ಬೇಡಿ! ತಾರೀಕು ಮಾತ್ರ!"

ಅಮ್ಮನ ವಿಷಯ ಯಾರಿಗಾದರೂ ಹೇಳಿಕೊಳ್ಳೋಣ ಅಂದರೆ ಕೇಳುವವನೇ ಇಲ್ಲ. ಕೊನೆಗೆ, "ಶುಕ್ರವಾರ, ಇಲ್ಲಾ ಶನಿವಾರ," ಅಂದೆ.

"ಎರಡರಲ್ಲಿ ಯಾವ್ದು?"

"ಗುರುವಾರ ಸಂಜಿ ಚಂದ್ರ ಕಂಡಮ್ಯಾಲೆ ಹೇಳತೀನಿ."

ನಮ್ಮಲ್ಲಿ ಕೆಲವು ಮಸೀದಿಯವರು ಲೆಕ್ಕ ಹಾಕಿ ಹಬ್ಬದ ದಿನವನ್ನು ತಿಂಗಳ ಮುಂಚೆಯೇ ಹೇಳಿಬಿಡುತ್ತಾರೆ. ನಾವು, ತಂಗಿಯ ಮನೆಯವರು, ಎಲ್ಲರಿಗಿಂತ ಹೆಚ್ಚಾಗಿ ಅಮ್ಮ, ಕಣ್ಣಾರೆ ಕಂಡರೆ ಮಾತ್ರ ಹಬ್ಬ ಅನ್ನುವವರು. ಗುರುವಾರ ಕಂಡರೆ ಶುಕ್ರವಾರ ಹಬ್ಬ, ಕಾಣದಿದ್ದರೆ ಶನಿವಾರ. ಶನಿವಾರವಾದರೆ ರಜೆಯ ಮಾತೇ ಇಲ್ಲ. ಶುಕ್ರವಾರವಾದರೆ ಯಜಮಾನನಿಗೆ ಕುತ್ತು. ಆ ದಿನವೇ ಅವನು ವರ್ಷವಿಡೀ ಕೂತು ಬರೆದ ಸಾಫ್ಟ್‌ವೇರು ಕಂಪನಿಯಲ್ಲಿ ಬಳಕೆಗೆ ಬರಬೇಕಿತ್ತು, ಯಜಮಾನತಿ ಇಡೀ ದಿನ ಶಿಕಾಗೋ ಡೌನ್‌ಟೌನಿನಲ್ಲಿ ಇರಬೇಕಿತ್ತು.

ಅವನು ರಾತ್ರಿ ಕೂತು ಓದಿಕೊಂಡು ಬಂದ. "ಆಂಟಿ, ಚಂದ್ರ ಯಾವತ್ತು ಹುಟ್ತಾನೆ, ಎಷ್ಟು ಗಂಟೆಗೆ ಅಂತ ನೂರು ವರ್ಷದ್ದು ಈಗ್ಲೇ ಸಿಗುತ್ತೆ. ಇದು ಮುಂಚೆನೇ ಗೊತ್ತಾಗೋ ರಜೆ. ತಾರೀಕು ಹೇಳ್ಬಿಡಿ."

"ನಿನ್ನ ಸಣ್ಣ ಮಗಳು ಹುಟ್ಟೋ ತಾರೀಕು ಡಾಕ್ಟರು ಮೊದಲ ಕೊಟ್ಟಿದ್ದರಲ್ಲಪ್ಪಾ. ಆ ದಿನವೇ ಹುಟ್ಟಿದಳೇನು?"

ಅಡುಗೆಮನೆಯಿಂದ ಯಜಮಾನತಿ ಕೂಗಿದಳು: "ಒಂಬತ್ತು ದಿನ ಲೇಟ್!"

ಅವನು ಲ್ಯಾಪ್‌ಟಾಪ್ ಮುಚ್ಚಿದ. ಒಪ್ಪಂದಕ್ಕೆ ಒಂದು ಸಾಲು ಸೇರಿತು: ಚಂದ್ರ ಕಂಡ ಕೂಡಲೇ ಆಂಟಿ ತಿಳಿಸತಕ್ಕದ್ದು.

ಗುರುವಾರ ಸಂಜೆ ನಾನೂ ನಮ್ಮ ಮನೆಯವರೂ ಯಜಮಾನನ ಬಡಾವಣೆಯ ಪಾರ್ಕಿನ ಗುಡ್ಡ ಹತ್ತಿದೆವು. ಚಳಿಗಾಲದಲ್ಲಿ ಮಕ್ಕಳು ಹಿಮದ ಮೇಲೆ ಜಾರುವ ಗುಡ್ಡ ಅದು. ಸುತ್ತ ಇರುವುದೆಲ್ಲ ಹಲಗೆಯಂಥ ಸಮ ನೆಲ, ಪಶ್ಚಿಮ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಹಿಂದೆಯೇ ಯಜಮಾನ ದೊಡ್ಡ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದ. "ನಾನೂ ವೆರಿಫೈ ಮಾಡ್ತೀನಿ ಆಂಟಿ," ಅಂದ. ಪಶ್ಚಿಮದ ತುಂಬ ಮೋಡ.

"ಅಯ್ಯೋ, ಮೋಡ ಆಂಟಿ. ಪಾಪ," ಅಂದ. ಮಾತಿನಲ್ಲಿ ಸಂತಾಪ, ಮುಖದಲ್ಲಿ ಸಂಭ್ರಮ.

ನನಗೆ ಅಳು ಬರುವ ಹಾಗಾಗಿತ್ತು. ಶನಿವಾರವಾದರೆ ಒಳ್ಳೆಯದೇ ಅಲ್ಲವೇ, ರಜೆಯ ರಗಳೆಯೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಆದರೆ ಮೋಡ ಬಂದದ್ದು ನೇಪರ್‌ವಿಲ್‌ಗೆ. ಕ್ಯಾಂಟನ್‌ನಲ್ಲಿ ಅಮ್ಮ ಚಂದ್ರನನ್ನು ಕಂಡುಬಿಟ್ಟಿದ್ದರೆ? ಅಲ್ಲಿ ಅವಳು ಶುಕ್ರವಾರ ಹಬ್ಬ ಮಾಡುತ್ತಾಳೆ, ಇಲ್ಲಿ ನಾನು ಡೈಪರ್ ಮಡಚುತ್ತಿರುತ್ತೇನೆ. ತಂಗಿಗೆ ಫೋನ್ ಹಚ್ಚಿದೆ. ಅಮ್ಮನೇ ಎತ್ತಿದಳು. ಅವಳು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳಂತೆ, ಅಲ್ಲೂ ಮೋಡವಂತೆ. "ನಿನ್ನ ಕಡೆ ಕಂಡರೆ ಹೇಳು, ನೀನು ಕಂಡರೆ ನಾನು ಕಂಡ ಹಾಗೇ," ಅಂದಳು.

ಏಳೂವರೆಗೆ ಇಳಿದು ಹೋಗೋಣ ಅಂತ ತಿರುಗಿದೆವು. ಆಗ ಹಿಂದಿನಿಂದ ಕೂಗು.

"ಕಾಣ್ತು! ಆಂಟಿ, ಕಾಣ್ತು! ಅಲ್ಲಿ, ಆ ನೀರಿನ ಟ್ಯಾಂಕ್ ಎಡಗಡೆ! ನಾನೇ ಫಸ್ಟ್ ನೋಡಿದ್ದು!"

ಸಾಫ್ಟ್‌ವೇರಿನವರ ಸ್ವಭಾವವೇ ಅದು ಅಂತ ಕಾಣುತ್ತದೆ, ಹುಡುಕುತ್ತಿದ್ದದ್ದು ಸಿಕ್ಕಿದರೆ ಕೂಗದೆ ಇರಲಾರರು. ಮೋಡ ಒಂದು ಗೇಣು ಬಿರುಕು ಬಿಟ್ಟಿತ್ತು. ಅವನ ಬೆರಳ ನೇರಕ್ಕೆ ನೋಡಿದರೆ ಉಗುರಿನ ಅಂಚಿನಷ್ಟು ಚಂದ್ರ. ನಾನು ಕಂಡೆ, ನಮ್ಮ ಮನೆಯವರೂ ಕಂಡರು, ಕಂಡ ಕೂಡಲೇ ಮಸೀದಿಗೆ ಫೋನ್ ಮಾಡಲು ಹೋದರು. ಮಗು ಹೆಗಲ ಮೇಲಿಂದ "ಡ್ಯಾಡಿ ಫೌಂಡ್ ದ ಮೂನ್!" ಅಂತ ಚಪ್ಪಾಳೆ ತಟ್ಟಿತು.

ಡ್ಯಾಡಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ದುರ್ಬೀನು ಮೆಲ್ಲಗೆ ಕೆಳಗಿಳಿಯಿತು. ತಾನೇನು ಮಾಡಿದೆ ಅನ್ನುವುದು ಆಗ ಹೊಳೆದಿತ್ತು.

"ಒಪ್ಪಂದದ ಪ್ರಕಾರ ನಾನು ನಿನಗ ತಿಳಿಸಬೇಕಿತ್ತಪ್ಪಾ," ಅಂದೆ. "ನೀನೇ ನನಗ ತಿಳಿಸಿಬಿಟ್ಟೆ."

ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಕೇಳಿದಳು: "ಕಂಡಿಲ್ಲ ಅಂದಿದ್ದರೆ ಅವನಿಗೇ ಲಾಭ ಇತ್ತಲ್ಲ?"

"ಹೌದಮ್ಮಾ."

"ಆದರೂ ಹೇಳಿದನಾ? ಅವನ ತಾಯಿ ಒಳ್ಳೆ ಹೊಟ್ಟೆಯಲ್ಲಿ ಹೆತ್ತಿದ್ದಾಳೆ. ಬೇಗ ಹೊರಡು."

ಇನ್ನೂರ ಎಪ್ಪತ್ತು ಮೈಲಿ. ಬೆಳಿಗ್ಗೆ ಹಬ್ಬದ ನಮಾಜಿಗೆ ನಾನು ಅಮ್ಮನ ಪಕ್ಕದಲ್ಲಿದ್ದೆ. ಅವಳ ಸೆರಗಿಗೆ ನಾನು ಚಿಕ್ಕವಳಿದ್ದಾಗಿನ ಅದೇ ಅತ್ತರಿನ ವಾಸನೆ. ಮನೆಗೆ ಬಂದ ಮೇಲೆ ಬಟ್ಟಲಿಗೆ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಹಾಕಿ, ನನಗೆ ಐವತ್ತೊಂದು ವರ್ಷ ಅನ್ನುವುದನ್ನು ಮರೆತು ಚಮಚದಲ್ಲಿ ಬಾಯಿಗೇ ಕೊಟ್ಟಳು. ನಾನು ಅತ್ತೆ. ಹನ್ನೊಂದು ವರ್ಷದ್ದು ಒಂದೇ ಸಲ ಅತ್ತುಬಿಟ್ಟೆ. ಅವಳೂ ಅತ್ತಳು, ಆಮೇಲೆ ಸಕ್ಕರೆ ಕಡಿಮೆಯಾಗಿದೆ ಅಂತ ತಂಗಿಗೆ ಬೈದಳು.

ಮಧ್ಯಾಹ್ನ ಯಜಮಾನತಿಯ ಫೋನು ಬಂತು. ಹಬ್ಬದ ಶುಭಾಶಯ ಹೇಳಲು ಮಾಡಿದವಳು ನಗು ತಡೆಯಲಾರದೆ ಅರ್ಧ ನಿಮಿಷ ನಕ್ಕಳು. ಆಮೇಲೆ ಗಂಡನ ಕಥೆ ಹೇಳಿದಳು. ದೊಡ್ಡ ಮೀಟಿಂಗ್ ನಡೆಯುತ್ತಿತ್ತಂತೆ, ಪರದೆಯ ತುಂಬ ಜನ. ಚಿಕ್ಕದು ಅವನ ತೊಡೆಯ ಮೇಲೆ ಕೂತು ಕಂಪ್ಯೂಟರಿನ ಗುಂಡಿಗಳನ್ನು ಒತ್ತುತ್ತಿತ್ತಂತೆ. ದೊಡ್ಡದು ಬಾಗಿಲಲ್ಲಿ ನಿಂತು "ಡ್ಯಾಡಿ, ಶೀ ಪೂಪ್ಡ್!" ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿತಂತೆ. ಅವನ ಅಮೆರಿಕನ್ ಮ್ಯಾನೇಜರ್, ಮಕ್ಕಳನ್ನು ನೋಡಿಕೊಳ್ಳುವವರು ಇವತ್ತಿಲ್ಲವೇ ಅಂತ ಕೇಳಿದ.

"ರಜೆ ಮೇಲಿದ್ದಾರೆ," ಅಂದ ಇವನು.

"ಅದನ್ನು ನೀನು ಮೊದಲೇ ಯಾಕೆ ಹೇಳಲಿಲ್ಲ?"

"ನಿನ್ನೆ ಸಂಜೆ ಏಳೂವರೆವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ."

"ಮತ್ತೆ ಆಮೇಲೆ ಹೇಗೆ ಗೊತ್ತಾಯಿತು?"

"ನಾನೇ ಗುಡ್ಡದ ಮೇಲೆ ನಿಂತು ದುರ್ಬೀನಿನಲ್ಲಿ ನೋಡಿದೆ."

ಪರದೆಯ ಮೇಲಿದ್ದವರೆಲ್ಲ ಮುಖ ಹತ್ತಿರ ತಂದು ಇವನನ್ನೇ ನೋಡಿದರಂತೆ. ಆಮೇಲೆ ಮ್ಯಾನೇಜರ್ ಬಹಳ ಮೆತ್ತಗೆ, ಈ ವರ್ಷ ನೀನು ತುಂಬ ಕಷ್ಟಪಟ್ಟಿದ್ದೀಯ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ, ಸೋಮವಾರದವರೆಗೆ ಮಲಗಿ ಸುಧಾರಿಸಿಕೋ ಅಂತ ಹೇಳಿ ಅವನಿಗೂ ರಜೆ ಕೊಟ್ಟುಬಿಟ್ಟನಂತೆ.